ಸಿದ್ದಾಪುರ ಕಡೆಯ ಕಾಫಿ ತೋಟದಲ್ಲಿ ಲೋರಾ ಸೆನ್ಸರ್: ಎರಡು ವರ್ಷ ಬಳಸಿದ ರೈಟರ್ ಒಬ್ಬನ ಅನುಭವ

ನಾನು ಸಿದ್ದಾಪುರ ಮತ್ತು ಪಾಲಿಬೆಟ್ಟದ ನಡುವಿನ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ಪುಸ್ತಕ ಬರೆಯುವವನು. 26 ವರ್ಷ ಆಯಿತು. ದಿನಾ ಬೆಳಗ್ಗೆ ಎಂಟೂವರೆಗೆ ಮಳೆ ಡಬ್ಬಿ ತೆಗೆದು, ಗಾಜಿನ ಅಳತೆಗೆ ಸುರಿದು, ಎಷ್ಟು ಇಂಚು ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಅಂತ ಪುಸ್ತಕದಲ್ಲಿ ಬರೆಯುತ್ತೇನೆ. ಹಾಜರಿ ಪುಸ್ತಕ ಅದರ ನಂತರ. ನನಗಿಂತ ಮುಂಚಿನ ರೈಟರ್‌ಗಳು ಬರೆದ ಮಳೆ ಪುಸ್ತಕಗಳೂ ಆಫೀಸಿನ ಬೀರುವಿನಲ್ಲಿ ಇವೆ. ಕೊಡಗಿನ ಎಷ್ಟೋ ತೋಟಗಳಲ್ಲಿ ಹೀಗೇ ಅಲ್ವಾ?

2023ರ ಡಿಸೆಂಬರ್‌ನಲ್ಲಿ ಓನರ್ ಬಂದು, "ತೋಟಕ್ಕೆ ವೈರ್‌ಲೆಸ್ ಸೆನ್ಸರ್ ಹಾಕಿಸೋಣ, ನೀವೇ ನೋಡ್ಕೊಳ್ಳಿ" ಅಂದರು. ನಾನು ಕೇಳಿದ್ದು ಒಂದೇ ಮಾತು: ಮಳೆ ಪುಸ್ತಕ ನಿಲ್ಲಿಸಬೇಕಾ? ಬೇಡ ಅಂದರು. ಆಗ ಒಪ್ಪಿದೆ. ಈಗ ಎರಡು ಹೂವಿನ ಕಾಲ, ಎರಡು ಮಳೆಗಾಲ ಕಳೆದಿದೆ. ಅಕ್ಕಪಕ್ಕದ ತೋಟದವರು ಫೋನ್ ಮಾಡಿ ಕೇಳುತ್ತಿರುತ್ತಾರೆ. ಎಲ್ಲರಿಗೂ ಒಂದೇ ಸಲ ಹೇಳಿದ ಹಾಗೆ ಆಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಹಾಕಿದ್ದು ಬೆಂಗಳೂರಿನ ಒಂದು ಸಣ್ಣ ಕಂಪನಿ. ಹೆಸರು ಬೇಡ. ಒಟ್ಟು ಆರು ಪೆಟ್ಟಿಗೆ. ಅವರು ಅದಕ್ಕೆ ನೋಡ್ ಅನ್ನುತ್ತಾರೆ. ನಾಲ್ಕು ಬ್ಲಾಕ್‌ನಲ್ಲಿ ಮಣ್ಣಿನ ತೇವ ಅಳೆಯುವುದು ನಾಲ್ಕು. ಒಂದೊಂದಕ್ಕೂ ಎರಡು ಸಲಾಕೆ, ಒಂದು 8 ಇಂಚು ಆಳದಲ್ಲಿ, ಇನ್ನೊಂದು ಒಂದೂವರೆ ಅಡಿಯಲ್ಲಿ. ಕೆರೆಯ ನೀರಿನ ಮಟ್ಟ ನೋಡಲು ಒಂದು. ಮಳೆ, ಗಾಳಿಯ ತೇವ, ಎಲೆಯ ಒದ್ದೆ ನೋಡಲು ಇನ್ನೊಂದು. ಈ ಆರೂ 15 ನಿಮಿಷಕ್ಕೊಮ್ಮೆ ರೇಡಿಯೋದಲ್ಲಿ ಅಂಕೆ ಕಳಿಸುತ್ತವೆ. ಬಂಗಲೆ ಹತ್ತಿರ ಇರುವ ಗೇಟ್‌ವೇ ಅದನ್ನು ಹಿಡಿದು 4ಜಿ ಸಿಮ್ ಮೂಲಕ ಫೋನಿಗೆ ಮುಟ್ಟಿಸುತ್ತದೆ. ಕಂಬ, ಕೂಲಿ ಎಲ್ಲಾ ಸೇರಿ ನಮಗೆ 1 ಲಕ್ಷ 70 ಸಾವಿರದ ಹತ್ತಿರ ಖರ್ಚಾಯಿತು. ವರ್ಷಕ್ಕೆ 9 ಸಾವಿರ ಬೇರೆ ಕಟ್ಟಬೇಕು.

ವೈರ್ ಎಳೆದರೆ ಆಗುತ್ತಿರಲಿಲ್ಲವಾ ಅಂತ ಕೆಲವರು ಕೇಳಿದರು. ಆಗುವುದಿಲ್ಲ. ಹಂದಿ ಅಗೆಯುತ್ತದೆ, ಇಲಿ ಕಡಿಯುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿಗೆ ಉದ್ದದ ವೈರ್ ಅಂದರೆ ಕರೆದು ಕೂರಿಸಿದ ಹಾಗೆ. ಪ್ರತಿ ಪೆಟ್ಟಿಗೆಗೂ ಒಂದೊಂದು ಸಿಮ್ ಹಾಕೋಣ ಅಂದರೆ ನಮ್ಮ ಕೊಲ್ಲಿಯಲ್ಲಿ, ಅಂದರೆ ದಿಬ್ಬಗಳ ನಡುವಿನ ತಗ್ಗಿನಲ್ಲಿ, ಮೊಬೈಲ್ ಸಿಗ್ನಲ್ಲೇ ಇಲ್ಲ. ವೈಫೈ ಬಂಗಲೆ ಅಂಗಳ ದಾಟುವುದಿಲ್ಲ. ಅದು 2.4 ಗಿಗಾಹರ್ಟ್ಸ್. ಅಷ್ಟು ಚಿಕ್ಕ ಅಲೆಯನ್ನು ಒದ್ದೆ ಎಲೆ ನುಂಗಿಬಿಡುತ್ತದೆ. ನಮ್ಮ ತೋಟದಲ್ಲಿ ಎಲೆಗೆ ಬರವಿಲ್ಲ. ಮೇಲೆ ಸಿಲ್ವರ್ ಓಕ್, ಹಲಸು, ಹಾಲವಾಣ. ಅದರ ಮೈತುಂಬಾ ಮೆಣಸಿನ ಬಳ್ಳಿ. ಕೆಳಗೆ ರೊಬಸ್ಟಾ ಕಾಫಿ.

ಇದಕ್ಕೆ ಬಳಸುವ ರೇಡಿಯೋ ಪದ್ಧತಿಗೆ ಲೋರಾ ಅಂತ ಹೆಸರು. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ನಡುವೆ, ಶಕ್ತಿಯ ಮಿತಿಯೊಳಗೆ, ಲೈಸೆನ್ಸ್ ಇಲ್ಲದೆ ಬಳಸಬಹುದು. ಮೊದಲು 867ರ ತನಕ ಇತ್ತು, 2021ರ ನಿಯಮದಲ್ಲಿ 868ಕ್ಕೆ ಏರಿತು. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ 915 ಅಂತ ಬರೆದಿರುವ ಪೆಟ್ಟಿಗೆ ಸಿಗುತ್ತದೆ. ಅದು ಅಮೆರಿಕದ ಲೆಕ್ಕ. ತರಿಸಬೇಡಿ.

ಲೋರಾ ಕೆಲಸ ಮಾಡುವ ರೀತಿ ನನಗೆ ಬಹಳ ಹಿಡಿಸಿತು. ತೋಟದ ಆ ತುದಿಯಿಂದ ಯಾರನ್ನಾದರೂ ಕೂಗುವಾಗ ನಾವು ಬೇಗ ಬೇಗ ಮಾತಾಡುವುದಿಲ್ಲ. ಒಂದೊಂದು ಅಕ್ಷರವನ್ನೂ ಎಳೆದು ಕೂಗುತ್ತೇವೆ. ಇದೂ ಹಾಗೇ. ಹತ್ತಿರ ಇದ್ದರೆ ಬೇಗ ಹೇಳಿ ಮುಗಿಸುತ್ತದೆ. ದೂರ ಆದಷ್ಟೂ ಎಳೆದು ಹೇಳುತ್ತದೆ. ಆ ಎಳೆತಕ್ಕೆ 7ರಿಂದ 12ರ ತನಕ ಮೆಟ್ಟಿಲು ಇದೆ, ಎಸ್‌ಎಫ್ ಅನ್ನುತ್ತಾರೆ. 7ರಲ್ಲಿ ಸೆಕೆಂಡಿನ ಸಣ್ಣ ಚೂರಿನಲ್ಲಿ ಮುಗಿಯುವ ಸಂದೇಶಕ್ಕೆ 12ರಲ್ಲಿ ಒಂದು ಸೆಕೆಂಡಿಗೂ ಜಾಸ್ತಿ ಬೇಕು. ಸುತ್ತಲಿನ ಗದ್ದಲಕ್ಕಿಂತ ಸಣ್ಣ ದನಿಯಲ್ಲಿ ಬಂದರೂ ಗೇಟ್‌ವೇ ಅದನ್ನು ಬಿಡಿಸಿಕೊಳ್ಳುತ್ತದೆ. ಆದರೆ ಎಳೆದು ಕೂಗಿದಷ್ಟೂ ಬ್ಯಾಟರಿ ಖಾಲಿ. ನಮ್ಮ ದಿಬ್ಬದ ಮೇಲಿನ ಪೆಟ್ಟಿಗೆಗಳು ಇನ್ನೂ ಮೊದಲ ಬ್ಯಾಟರಿಯಲ್ಲೇ ನಡೆಯುತ್ತಿವೆ. ಗದ್ದೆ ಅಂಚಿನ ಕೊಲ್ಲಿಯಲ್ಲಿ ಇರುವ ಪೆಟ್ಟಿಗೆಯದ್ದು 14 ತಿಂಗಳಿಗೆ ಮುಗಿಯಿತು. ಅದು 3.6 ವೋಲ್ಟ್‌ನ ಲಿಥಿಯಂ ಸೆಲ್. ಸಿದ್ದಾಪುರದ ಅಂಗಡಿಯಲ್ಲಿ ಸಿಗಲಿಲ್ಲ, ಮೈಸೂರಿನಿಂದ ತರಿಸಿದೆವು. ಒಂದು ಜಾಸ್ತಿ ತರಿಸಿ ಇಟ್ಟುಕೊಳ್ಳಿ.

ಈಗ ದೂರದ ವಿಷಯ. ಕಂಪನಿಯ ಕಾಗದದಲ್ಲಿ 10 ಕಿಲೋಮೀಟರ್ ಅಂತ ಅಚ್ಚು ಹಾಕಿದ್ದರು. ನಮ್ಮ ಕೊಲ್ಲಿಯ ಪೆಟ್ಟಿಗೆ ಗೇಟ್‌ವೇಯಿಂದ ಒಂದು ಕಿಲೋಮೀಟರ್ ಕೂಡ ಇಲ್ಲ. ಮೊದಲ ತಿಂಗಳು ಅದರಿಂದ ಹತ್ತಕ್ಕೆ ಆರು ಸಂದೇಶ ಬಂದರೆ ಹೆಚ್ಚು. ಮಂಜು ಬಿದ್ದ ಬೆಳಗ್ಗೆ ಅದೂ ಇಲ್ಲ. ಕಂಪನಿಯ ಹುಡುಗರು ಬಂದು ಪೆಟ್ಟಿಗೆ ಬದಲಾಯಿಸಿದರು. ಏನೂ ಆಗಲಿಲ್ಲ. ತೊಂದರೆ ಇದ್ದದ್ದು ಪೆಟ್ಟಿಗೆಯಲ್ಲಿ ಅಲ್ಲ, ಗೇಟ್‌ವೇ ಇಟ್ಟ ಜಾಗದಲ್ಲಿ. ಅದನ್ನು ಬಂಗಲೆಯ ಹೆಂಚಿನ ಕೆಳಗೆ 12 ಅಡಿ ಎತ್ತರದಲ್ಲಿ ಹಾಕಿದ್ದರು. ಮುಂದೆ ಗೋಡೆ ಕಟ್ಟಿದ ಹಾಗೆ ಮರಗಳು.

ಗೋಡೌನ್ ಪಕ್ಕದ ದಿಬ್ಬದಲ್ಲಿ 40 ಅಡಿಯ ಜಿಐ ಪೈಪಿನ ಕಂಬ ನಿಲ್ಲಿಸಿದೆವು. ಆಂಟೆನಾವನ್ನು ಅದರ ತುದಿಗೆ ಏರಿಸಿದೆವು. ಕಂಬಕ್ಕೆ ಅರ್ಥಿಂಗ್ ಮಾಡಿಸಿ, ಸಿಡಿಲು ತಡೆಯುವ ಅರೆಸ್ಟರ್ ಹಾಕಿಸಿದೆವು. ಗೇಟ್‌ವೇ ಪೆಟ್ಟಿಗೆಯನ್ನೂ ಕಂಬದ ಮೇಲ್ಭಾಗದಲ್ಲೇ ಕಟ್ಟಿದೆವು. ಯಾಕೆಂದರೆ ಆಂಟೆನಾದ ಕೇಬಲ್ ಉದ್ದ ಆದಷ್ಟೂ ಸಿಗ್ನಲ್ ಕೇಬಲ್‌ನಲ್ಲೇ ಸೋರಿ ಹೋಗುತ್ತದೆ. ಕೊಲ್ಲಿಯ ಪೆಟ್ಟಿಗೆಯ ಆಂಟೆನಾ ಅಡ್ಡ ಮಲಗಿತ್ತು, ಅದನ್ನು ನೆಟ್ಟಗೆ ನಿಲ್ಲಿಸಿದೆವು. ಅವತ್ತು ಸಂಜೆಯಿಂದಲೇ ನೂರಕ್ಕೆ 97-98 ಸಂದೇಶ ಬರಲು ಶುರುವಾಯಿತು. ಜುಲೈ ತಿಂಗಳ ಜಡಿಮಳೆಯಲ್ಲೂ 90ಕ್ಕಿಂತ ಕೆಳಗೆ ಇಳಿದಿಲ್ಲ. ಹಾಗಾಗಿ ಯಾರೇ ಹಾಕಿಸುವುದಿದ್ದರೂ ಒಂದು ಪೆಟ್ಟಿಗೆ ಕಡಿಮೆ ತಗೊಳ್ಳಿ, ಕಂಬಕ್ಕೆ ದುಡ್ಡು ಇಡಿ ಅಂತ ನಾನು ಹೇಳುತ್ತೇನೆ. ಆ ಕಂಬ ನಿಲ್ಲಿಸುವ ತನಕ ಕಂಪನಿಯವರು ಅದರ ಮಾತೇ ಎತ್ತಿರಲಿಲ್ಲ. ಕೊಡಗಿಗೆ ಮಾರಲು ಬರುವವರು ಮೊದಲು ತೋಟದೊಳಗೆ ನಡೆದು ನೋಡಬೇಕು.

ಪೆಟ್ಟಿಗೆ ಎಲ್ಲಿ ಕಟ್ಟಬೇಕು ಅನ್ನುವುದೂ ಹಾಗೆಯೇ. ಮೂರನೇ ಬ್ಲಾಕ್‌ನಲ್ಲಿ ಹುಡುಗರು ಅದನ್ನು ಹಲಸಿನ ಮರಕ್ಕೆ ಕಟ್ಟಿ ಹೋಗಿದ್ದರು. ನಾನು ಅವತ್ತು ಮಡಿಕೇರಿಯಲ್ಲಿದ್ದೆ. ಹಲಸು ಹಣ್ಣಾಗುವ ಕಾಲಕ್ಕೆ ಆನೆ ಎಲ್ಲಿಗೆ ಬರುತ್ತದೆ ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ಜೂನ್ ಮೊದಲ ವಾರ ಪೆಟ್ಟಿಗೆ ಚೂರಾಗಿ ನೆಲದ ಮೇಲೆ ಬಿದ್ದಿತ್ತು. ಈಗ ಎಲ್ಲವೂ ಸಿಲ್ವರ್ ಓಕ್ ಮರದಲ್ಲಿ, 12 ಅಡಿ ಮೇಲೆ ಇವೆ. ಅಲ್ಲೂ ಮೆಣಸು ಕೊಯ್ಯುವಾಗ ಏಣಿ ತಾಗಿ ಒಂದು ಆಂಟೆನಾ ಬಗ್ಗಿತು. ಆಮೇಲೆ ಮೇಸ್ತ್ರಿಗೆ ಹೇಳಿ ಆ ಮರಗಳಿಗೆ ಬಿಳಿ ಬಣ್ಣದ ಪಟ್ಟಿ ಹೊಡೆಸಿದೆ.

ರೇಡಿಯೋ ಸರಿಯಾದ ಮೇಲೆ ಮಣ್ಣಿನ ಅಂಕೆ ಸರಿಯಿದೆಯಾ ಅನ್ನುವ ಪ್ರಶ್ನೆ ಬಂತು. ನಾನು ಜಾಸ್ತಿ ತಲೆ ಕೆಡಿಸಿಕೊಂಡದ್ದು ಇದರಲ್ಲೇ. ಜನವರಿ ಕೊನೆ. ಬಿಸಿಲಿಗೆ ಕಾಫಿ ಎಲೆ ಜೋಲು ಬಿದ್ದಿದೆ. ಫೋನ್ ಮಾತ್ರ ನಾಲ್ಕನೇ ಬ್ಲಾಕ್‌ನಲ್ಲಿ ತೇವ 41 ಪರ್ಸೆಂಟ್ ಅನ್ನುತ್ತದೆ. ಮೊದಲನೇ ಬ್ಲಾಕ್‌ನಲ್ಲಿ 6. ಎರಡೂ ಸುಳ್ಳು.

ಈ ಸಲಾಕೆ ನೀರನ್ನು ನೇರವಾಗಿ ಅಳೆಯುವುದಿಲ್ಲ. ತನ್ನ ಸುತ್ತ ಇರುವ ವಸ್ತುವಿನ ಒಂದು ವಿದ್ಯುತ್ ಗುಣವನ್ನು ಅಳೆಯುತ್ತದೆ. ನೀರಿಗೆ ಆ ಅಂಕೆ 80ರ ಹತ್ತಿರ, ಒಣ ಮಣ್ಣಿಗೆ 3ರಿಂದ 5, ಗಾಳಿಗೆ 1. ಅಷ್ಟು ಅಂತರ ಇರುವುದರಿಂದ ನೀರು ಎಷ್ಟಿದೆ ಅಂತ ಗೊತ್ತಾಗುತ್ತದೆ. ಆದರೆ ಸಲಾಕೆಗೂ ಮಣ್ಣಿಗೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಲೆಕ್ಕ ತಪ್ಪುತ್ತದೆ. ಮೊದಲನೇ ಬ್ಲಾಕ್‌ನಲ್ಲಿ ಆಗಿದ್ದು ಅದೇ. ಗುಂಡಿ ತೋಡಿ, ಸಲಾಕೆ ನಿಲ್ಲಿಸಿ, ಮೇಲೆ ಸುಮ್ನೆ ಮಣ್ಣು ಎಳೆದಿದ್ದರು. ನಾವು ಅದನ್ನು ತೆಗೆದು, ಪಕ್ಕದ ಗಟ್ಟಿ ಮಣ್ಣಿಗೆ ಅಡ್ಡಲಾಗಿ ಒತ್ತಿ ತೂರಿಸಿದೆವು. ತೆಗೆದ ಮಣ್ಣನ್ನು ಪದರ ಪದರವಾಗಿ ಕೆಸರು ಮಾಡಿ ತುಂಬಿದೆವು. ಒಂದು ವಾರ ಬಿಟ್ಟು ಅಂಕೆ ದಾರಿಗೆ ಬಂತು.

ನಾಲ್ಕನೇ ಬ್ಲಾಕ್‌ನ ಕಥೆ ಬೇರೆ. ಅಲ್ಲಿ ಜೇಡಿ ಮಣ್ಣು ಜಾಸ್ತಿ, ಮೇಲೆ ದಪ್ಪ ತರಗೆಲೆ. ಕಂಪನಿ ಹಾಕಿದ್ದು ಬಯಲುಸೀಮೆಯ ಯಾವುದೋ ಮರಳು ಮಣ್ಣಿನ ಲೆಕ್ಕ. ನಾನು ಪ್ರತಿ ಬ್ಲಾಕ್‌ನಿಂದ ಅಳತೆ ಗೊತ್ತಿರುವ ತಗಡಿನ ಡಬ್ಬಿಯಲ್ಲಿ ಮಣ್ಣು ತೆಗೆದೆ. ತಕ್ಕಡಿಯಲ್ಲಿ ತೂಗಿದೆ. ಬಂಗಲೆಯ ಓವನ್‌ನಲ್ಲಿ 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಿದೆ. ಕಡಿಮೆಯಾದ ತೂಕವೇ ನೀರು. ಒಣಗಿದ್ದಾಗ ಒಮ್ಮೆ, ಸ್ಪ್ರಿಂಕ್ಲರ್ ಹೊಡೆದ ಮಾರನೇ ದಿನ ಒಮ್ಮೆ, ಆಮೇಲೆ ಹತ್ತು ದಿನ ಬಿಟ್ಟು ಒಮ್ಮೆ, ಹೀಗೆ ಮೂರು ಸಲ ಮಾಡಿ ಅಂಕೆಗಳನ್ನು ಕಂಪನಿಗೆ ಕಳಿಸಿದೆ. ಅಲ್ಲಿನ ಒಬ್ಬಳು ಹುಡುಗಿ ಬಹಳ ಆಸಕ್ತಿಯಿಂದ ಕೂತು ನಾಲ್ಕು ಬ್ಲಾಕ್‌ಗೂ ಬೇರೆ ಬೇರೆ ಲೆಕ್ಕ ಹಾಕಿ ಕೊಟ್ಟಳು. ಆ ಕೆಲಸಕ್ಕೆ ದುಡ್ಡು ಕೇಳಲಿಲ್ಲ. ಅದನ್ನು ಇಲ್ಲಿ ಹೇಳಲೇಬೇಕು.

ಇನ್ನು ಉಪಯೋಗಕ್ಕೆ ಬರುತ್ತೇನೆ. 2023ರಲ್ಲಿ ಮುಂಗಾರು ಕೈಕೊಟ್ಟದ್ದು ನಿಮಗೆ ನೆನಪಿದೆ. 2024ರ ಫೆಬ್ರವರಿಗೆ ನಮ್ಮ ಕೆರೆಯಲ್ಲಿ ಎಂದಿನ ಅರ್ಧ ನೀರು. ರೊಬಸ್ಟಾಕ್ಕೆ ಹೂವು ಅರಳಿಸುವ ಹೂಮಳೆ ಕಾಯುತ್ತಾ ಕೂರಲು ಆಗುವುದಿಲ್ಲ. ಮೊಗ್ಗು ತಯಾರಾದ ಹೊತ್ತಿಗೆ ಸ್ಪ್ರಿಂಕ್ಲರ್‌ನಲ್ಲಿ ಒಂದರಿಂದ ಒಂದೂವರೆ ಇಂಚು ಮಳೆಯಷ್ಟು ನೀರು ಕೊಡಬೇಕು. ಕಡಿಮೆ ಆದರೆ ಮೊಗ್ಗು ಅರ್ಧಕ್ಕೆ ನಿಂತು ಕೆಡುತ್ತದೆ. ಆ ಕೆಂಪು ಬಣ್ಣಕ್ಕೆ ತಿರುಗಿದ ಮೊಗ್ಗು ನೋಡಿದವರಿಗೇ ಅದರ ಸಂಕಟ ಗೊತ್ತು. ಹೂವಾದ ಎರಡು ಮೂರು ವಾರಕ್ಕೆ ಬ್ಯಾಕಿಂಗ್ ನೀರು, ಅಂದರೆ ಕಾಯಿ ನಿಲ್ಲಲು ಕೊಡುವ ಎರಡನೇ ನೀರು, ಬೇರೆ ಬೇಕು. ಇದ್ದ ನೀರಿನಲ್ಲಿ ಎರಡನ್ನೂ ತೂಗಿಸಬೇಕಿತ್ತು.

ನಮ್ಮಲ್ಲಿ ಎಷ್ಟೋ ವರ್ಷದಿಂದ ಒಂದು ಜಾಗಕ್ಕೆ ಆರು ಗಂಟೆ ಅಂತ ರೂಢಿ. ಎಲ್ಲಾ ಬ್ಲಾಕ್‌ಗೂ ಅದೇ. ಆ ಸಲ ಫೋನ್ ನೋಡುತ್ತಾ ನೀರು ಬಿಟ್ಟೆವು. ನಾಲ್ಕನೇ ಬ್ಲಾಕ್‌ನಲ್ಲಿ ನಾಲ್ಕು ಗಂಟೆಗೇ ಕೆಳಗಿನ ಸಲಾಕೆಯ ಅಂಕೆ ಏರಿತು. ಅಂದರೆ ನೀರು ಒಂದೂವರೆ ಅಡಿ ಇಳಿದಿದೆ. ಮುಂದಿನ ಎರಡು ಗಂಟೆಯ ನೀರು ಇಷ್ಟು ವರ್ಷ ಬೇರು ದಾಟಿ ಹೋಗುತ್ತಿತ್ತು. ದಿಬ್ಬದ ಮೇಲಿನ ಎರಡನೇ ಬ್ಲಾಕ್‌ನಲ್ಲಿ ಆರು ಗಂಟೆ ಆದರೂ ಕೆಳಗಿನ ಸಲಾಕೆ ಅಲುಗಲಿಲ್ಲ. ಅಲ್ಲಿಗೆ ಏಳೂವರೆ ಗಂಟೆ ಬೇಕಾಯಿತು. ಆ ಬ್ಲಾಕ್‌ನಲ್ಲಿ ಪ್ರತಿ ವರ್ಷ ಹೂವು ಬಿಡಿ ಬಿಡಿಯಾಗಿ ಬರುತ್ತಿತ್ತು. ಗೊಬ್ಬರ ಕಡಿಮೆ ಅಂತ ಅಂದುಕೊಂಡಿದ್ದೆವು. ಆ ಸಲ ನೀರು ಕೊಟ್ಟ ಒಂಬತ್ತನೇ ದಿನ ಬೆಳಗ್ಗೆ ದಿಬ್ಬ ಹತ್ತಿದೆ. ಗಿಡ ಗಿಡವೂ ಬೆಳ್ಳಗೆ. ಜೇನಿನ ಸದ್ದು ರಸ್ತೆಗೇ ಕೇಳುತ್ತಿತ್ತು. ರೊಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದಿಲ್ಲ. ಒಂದೇ ಸಲ ಹೂವು ಬಂದು, ಜೇನೂ ಗಾಳಿಯೂ ಸೇರಬೇಕು. ಅದೆಲ್ಲಾ ಅವತ್ತು ಸೇರಿತ್ತು. ಬ್ಯಾಕಿಂಗ್‌ಗೆ ಕೆರೆಯಲ್ಲಿ ನೀರೂ ಉಳಿಯಿತು.

ಇನ್ನೊಂದು ರಾತ್ರಿಯ ಮಾತು. ತ್ರೀ ಫೇಸ್ ಕರೆಂಟ್ ರಾತ್ರಿ ಕೊಟ್ಟರೆ ರಾತ್ರಿಯೇ ಪಂಪ್ ಓಡಿಸಬೇಕು. ಮೊದಲೆಲ್ಲಾ ಪಂಪ್ ಆಳು, ಜೊತೆಗೆ ಇನ್ನೊಬ್ಬ, ಟಾರ್ಚ್ ಹಿಡಿದು ಪೈಪ್ ಲೈನ್ ಉದ್ದಕ್ಕೂ ನಡೆದು ನೋಡಿ ಬರುತ್ತಿದ್ದರು. ನಮ್ಮ ಭಾಗದಲ್ಲಿ ರಾತ್ರಿ ತೋಟದೊಳಗೆ ನಡೆಯುವುದು ಅಂದರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ. ಆನೆ ಕಾಫಿ ಗಿಡದ ನಡುವೆ ಹತ್ತು ಅಡಿ ದೂರ ನಿಂತಿದ್ದರೂ ಕಾಣುವುದಿಲ್ಲ. ಮಾರ್ಚ್ ತಿಂಗಳ ಒಂದು ರಾತ್ರಿ ಹನ್ನೊಂದು ಗಂಟೆಗೆ ಮಲಗುವ ಮುಂಚೆ ಫೋನ್ ನೋಡಿದೆ. ಕೆರೆಯ ಮಟ್ಟ ಇಳಿಯುತ್ತಲೇ ಇದೆ, ಎಂದಿಗಿಂತ ಬೇಗ. ಮೂರನೇ ಬ್ಲಾಕ್‌ನ ಮೇಲಿನ ಸಲಾಕೆ ಮಾತ್ರ ಅಲುಗಿಲ್ಲ. ಅಲ್ಲಿ ಒಂದೂವರೆ ಗಂಟೆಯೊಳಗೆ ಅಂಕೆ ಏರಬೇಕು ಅಂತ ಹಿಂದಿನ ದಿನಗಳಿಂದ ಗೊತ್ತಿತ್ತು. ನೀರು ಬಿಟ್ಟು ಆಗಲೇ ಎರಡೂವರೆ ಗಂಟೆ ಆಗಿತ್ತು. ಪಂಪ್ ಹೌಸ್‌ಗೆ ಫೋನ್ ಮಾಡಿ, "ಪಂಪ್ ಆಫ್ ಮಾಡು, ಬಾಗಿಲು ಹಾಕ್ಕೊಂಡು ಒಳಗೇ ಇರು, ಲೈನ್ ನೋಡೋಕೆ ಹೋಗ್ಬೇಡ" ಅಂದೆ. ಬೆಳಗ್ಗೆ ಹೋಗಿ ನೋಡಿದರೆ ಅಲ್ಯುಮಿನಿಯಂ ಪೈಪ್ ಎರಡು ಕಡೆ ಚಪ್ಪಟೆ. ಜಾಯಿಂಟ್ ಬಿಟ್ಟು ನೀರೆಲ್ಲಾ ತೋಡಿಗೆ ಹರಿದಿತ್ತು. ಸುತ್ತಲೂ ಹೆಜ್ಜೆ. ಒಂದು ಮರಿಯ ಹೆಜ್ಜೆಯೂ ಇತ್ತು. ಅವತ್ತು ನಮ್ಮ ಪಂಪ್ ಆಳು ಎಂದಿನ ಹಾಗೆ ಹನ್ನೊಂದೂವರೆಗೆ ಲೈನ್ ನೋಡಲು ಹೊರಟಿದ್ದರೆ? ಅದನ್ನು ಯೋಚಿಸಿದರೆ ಈಗಲೂ ಕೈ ತಣ್ಣಗಾಗುತ್ತದೆ. ನನ್ನ ಮಟ್ಟಿಗೆ ಆ ಒಂದು ರಾತ್ರಿಗೇ ಈ ಪೆಟ್ಟಿಗೆಗಳ ಖರ್ಚು ಮುಗಿದಿದೆ.

ಮಳೆಯ ಅಳತೆ ನನ್ನ ಸ್ವಂತ ವಿಷಯ, ಹಾಗಾಗಿ ಸ್ವಲ್ಪ ಬರೆಯುತ್ತೇನೆ. ಅವರ ಮಳೆ ಮಾಪಕದಲ್ಲಿ ಒಂದು ಪುಟ್ಟ ತೊಟ್ಟಿಲು ಇದೆ. 0.2 ಮಿಲಿಮೀಟರ್ ಮಳೆ ತುಂಬಿದರೆ ಒಂದು ಕಡೆ ಮಗುಚುತ್ತದೆ. ಒಂದು ಮಗುಚಿಗೆ ಒಂದು ಎಣಿಕೆ. ನಮ್ಮ ಒಂದು ಸೆಂಟ್ ಅಂದರೆ 0.254 ಮಿಲಿಮೀಟರ್, ಹಾಗಾಗಿ ಅದು ಸೆಂಟ್‌ಗಿಂತಲೂ ಸಣ್ಣದನ್ನು ಹಿಡಿಯುತ್ತದೆ. ಫೋನಿನಲ್ಲಿ ಬರೀ ಮಿಲಿಮೀಟರ್ ಬರುತ್ತಿತ್ತು. ಕೊಡಗಿನಲ್ಲಿ ಯಾರೂ ಪಕ್ಕದ ತೋಟಕ್ಕೆ ಫೋನ್ ಮಾಡಿ "ನಿಮಗೆ ಎಷ್ಟು ಮಿಲಿಮೀಟರ್?" ಅಂತ ಕೇಳುವುದಿಲ್ಲ. ಇಂಚು-ಸೆಂಟ್ ಕೊಡಿ ಅಂತ ಮೂರು ಸಲ ಹೇಳಿದ ಮೇಲೆ ಕೊಟ್ಟರು.

ತುಂತುರು ಮಳೆಯಲ್ಲಿ ಅದರ ಅಂಕೆಯೂ ನನ್ನ ಡಬ್ಬಿಯ ಅಂಕೆಯೂ ಒಂದೆರಡು ಸೆಂಟ್ ಒಳಗೇ ಇರುತ್ತದೆ. ಬಿರುಸಾದ ಮಳೆಯಲ್ಲಿ ಅದು ಕಡಿಮೆ ತೋರಿಸುತ್ತದೆ. ತೊಟ್ಟಿಲು ಮಗುಚುವ ಹೊತ್ತಿನಲ್ಲೂ ನೀರು ಸುರಿಯುತ್ತಲೇ ಇರುತ್ತದೆ, ಆ ನೀರು ಎಣಿಕೆಗೆ ಸಿಗುವುದಿಲ್ಲ. ಜುಲೈ ತಿಂಗಳ ಒಂದು ದಿನ ನನ್ನ ಪುಸ್ತಕದಲ್ಲಿ 4 ಇಂಚು 60 ಸೆಂಟ್, ಫೋನಿನಲ್ಲಿ 4 ಇಂಚು 12. ಅದರ ಜೊತೆಗೆ ಸಿಲ್ವರ್ ಓಕ್ ಎಲೆ ಬಾಯಿಗೆ ಕಟ್ಟಿಕೊಳ್ಳುತ್ತದೆ, ಇರುವೆ ಒಳಗೆ ಗೂಡು ಮಾಡುತ್ತದೆ. ಕೆರೆಯ ಮಟ್ಟ ನೋಡುವ ಸೆನ್ಸರ್‌ನ ಬಾಯಿಗೆ ಜೇಡ ಬಲೆ ಕಟ್ಟಿ, ಒಂದೇ ರಾತ್ರಿಯಲ್ಲಿ ಕೆರೆ ತುಂಬಿದೆ ಅಂತ ತೋರಿಸಿತ್ತು. ಹದಿನೈದು ದಿನಕ್ಕೊಮ್ಮೆ ಒರೆಸಿ ಬರಲು ಒಬ್ಬರಿಗೆ ಹೇಳಿಬಿಡಿ.

ನನಗೆ ಬೇಸರ ತಂದ ದೊಡ್ಡ ವಿಷಯ ಒಂದಿದೆ. ಮೊದಲ ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಮೊಬೈಲ್ ಟವರ್ ಕೂಡ ನಿಂತಿತು. ಗೇಟ್‌ವೇಗೆ ನಾವು ಬ್ಯಾಟರಿ ಕೊಟ್ಟಿದ್ದೆವು, ಅದು ಓಡುತ್ತಲೇ ಇತ್ತು. ಪೆಟ್ಟಿಗೆಗಳು ಕಳಿಸಿದ್ದೂ ಅದಕ್ಕೆ ಮುಟ್ಟಿದೆ. ಆದರೆ ಸಿಮ್ ಇಲ್ಲದಾಗ ಅಂಕೆಗಳನ್ನು ಇಟ್ಟುಕೊಳ್ಳುವ ಏರ್ಪಾಡನ್ನೇ ಮಾಡಿರಲಿಲ್ಲ. ಮೂರು ದಿನದ ಮಳೆ ಹೋಯಿತು, ಅದೂ ವರ್ಷದ ಜೋರು ಮಳೆ. ನನ್ನ ಪುಸ್ತಕದಲ್ಲಿ ಇತ್ತು ಅನ್ನಿ. ಎರಡು ತಿಂಗಳು ಕಂಪನಿಯವರ ಬೆನ್ನು ಬಿದ್ದ ಮೇಲೆ ಗೇಟ್‌ವೇಗೆ ಮೆಮೊರಿ ಕಾರ್ಡ್ ಹಾಕಿ ಕೊಟ್ಟರು. ಈಗ ನೆಟ್‌ವರ್ಕ್ ಬಂದ ಮೇಲೆ ಹಳೆಯದನ್ನೆಲ್ಲಾ ಕಳಿಸುತ್ತದೆ. ತಗೊಳ್ಳುವ ಮುಂಚೆಯೇ ಇದನ್ನು ಕೇಳಿ: ಮೂರು ದಿನ ಟವರ್ ಇಲ್ಲದಿದ್ದರೆ ಏನಾಗುತ್ತದೆ? ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ.

ಎಲೆಯ ಒದ್ದೆ ನೋಡುವ ಸೆನ್ಸರ್ ಬಗ್ಗೆ ಈಗಲೇ ಗಟ್ಟಿಯಾಗಿ ಹೇಳಲಾರೆ. ಎಲೆ ಎಷ್ಟು ಹೊತ್ತು ಒದ್ದೆ ಇತ್ತು ಅಂತ ತೋರಿಸುತ್ತದೆ. ಕೊಳೆರೋಗಕ್ಕೆ ಅದು ಮುಖ್ಯ. ಆ ರೋಗದ ಶಿಲೀಂಧ್ರಕ್ಕೆ ವಿಜ್ಞಾನಿಗಳು ಮೊದಲು ಇಟ್ಟ ಹೆಸರಿನಲ್ಲೂ ನಮ್ಮ ಕೊಳೆರೋಗ ಅನ್ನುವ ಪದವೇ ಇತ್ತು. ಅಷ್ಟು ಹಳೆಯ ಪರಿಚಯ ನಮಗೂ ಅದಕ್ಕೂ. ಆದರೆ ಮಳೆಗಾಲದಲ್ಲಿ ನಮ್ಮ ಕೊಲ್ಲಿಯ ಎಲೆ ವಾರಗಟ್ಟಲೆ ಒಣಗುವುದೇ ಇಲ್ಲ, ಅದಕ್ಕೆ ಸೆನ್ಸರ್ ಬೇಕಾಗಿಲ್ಲ. ಬಿಸಿಲು ಮಳೆ ಕಣ್ಣಾಮುಚ್ಚಾಲೆ ಆಡುವ ಸೆಪ್ಟೆಂಬರ್‌ನಲ್ಲಿ ಉಪಯೋಗ ಇರಬಹುದು. ಇನ್ನೊಂದು ವರ್ಷ ನೋಡುತ್ತೇನೆ.

ಯಾರಿಗೆ ಬೇಕು? ಸ್ವಂತ ಕೆರೆ, ಸ್ಪ್ರಿಂಕ್ಲರ್ ಇದ್ದು, ಏರುತಗ್ಗಿನ ನಾಲ್ಕಾರು ಬ್ಲಾಕ್ ಇರುವ ರೊಬಸ್ಟಾ ತೋಟಕ್ಕೆ ಧೈರ್ಯವಾಗಿ ಹಾಕಿಸಿ. ಮಳೆಯನ್ನೇ ನಂಬಿರುವ ಐದಾರು ಎಕರೆಯವರಿಗೆ ಇಷ್ಟು ದುಡ್ಡು ಹಾಕಿ ಅಂತ ನಾನು ಹೇಳುವುದಿಲ್ಲ. ಅಂಥ ನಾಲ್ಕೈದು ತೋಟದವರು ಒಟ್ಟಿಗೆ ಸೇರಿ ಒಂದು ಕಂಬ, ಒಂದು ಗೇಟ್‌ವೇ ಹಾಕಿಸಿಕೊಂಡು, ತಲಾ ಒಂದೊಂದು ಪೆಟ್ಟಿಗೆ ಇಟ್ಟುಕೊಂಡರೆ ಆಗಬಹುದು. ಒಂದು ಗೇಟ್‌ವೇ ನೂರಾರು ಪೆಟ್ಟಿಗೆಗಳನ್ನು ಹಿಡಿಯುತ್ತದೆ. ನಮ್ಮ ಪಕ್ಕದ ಎರಡು ತೋಟದವರ ಹತ್ತಿರ ಓನರ್ ಈಗ ಇದನ್ನೇ ಮಾತಾಡುತ್ತಿದ್ದಾರೆ. ಕಂಬ ನಮ್ಮದು ಇದ್ದೇ ಇದೆ. ಅವರ ಕಡೆಯ ಇಳಿಜಾರಿನಿಂದ ಸಿಗ್ನಲ್ ಹೇಗೆ ಬರುತ್ತದೆ ಅಂತ ನೋಡಲು ಬರುವ ಭಾನುವಾರ ಒಂದು ಪೆಟ್ಟಿಗೆ ಕೈಯಲ್ಲಿ ಹಿಡಿದು ನಾನೂ ಮೇಸ್ತ್ರಿಯೂ ಅಲ್ಲಿ ನಡೆಯುವವರಿದ್ದೇವೆ. ಹಗಲು ಹೊತ್ತಿನಲ್ಲಿ.